ಹಳೇ ಕರಿಜ್ಮಾಗೆ ಸೈಲೆನ್ಸರ್ ಬೇಡ, ಫೋರ್ಕ್ ಆಯಿಲ್ ಹಾಕ್ಸಿ

ನಮ್ಮ ಕಾಲೇಜಿನ ಪಾರ್ಕಿಂಗ್ ಶೆಡ್‌ನಲ್ಲಿ ಒಂದು ಸುತ್ತು ಹೊಡೆದರೆ ಹಳೇ ಸ್ಪೋರ್ಟ್ಸ್ ಬೈಕುಗಳ ಸಣ್ಣ ಮ್ಯೂಸಿಯಂ ನೋಡಿದ ಹಾಗಾಗುತ್ತೆ. ಅಣ್ಣನಿಂದ ತಮ್ಮನಿಗೆ ಬಂದ ಕರಿಜ್ಮಾ, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಮೊದಲ ತಲೆಮಾರಿನ ಆರ್15, ಪಲ್ಸರ್ 220, ಮೂಲೆಯಲ್ಲಿ ಯಾರದೋ ಮಾವನ ಕಾಲದ ಆರ್‌ಎಕ್ಸ್100. ಎಲ್ಲದಕ್ಕೂ ಏನಾದರೊಂದು ಮಾಡಿಫಿಕೇಶನ್ ಆಗಿರುತ್ತೆ. ಸೈಲೆನ್ಸರ್ ಬದಲಾಗಿರುತ್ತೆ, ಏರ್ ಫಿಲ್ಟರ್ ಬದಲಾಗಿರುತ್ತೆ, ಸ್ಟಿಕ್ಕರ್ ಬಗ್ಗೆ ಹೇಳೋದೇ ಬೇಡ. ಆದರೆ ಮುಂದಿನ ಬ್ರೇಕ್ ಲಿವರ್ ಒತ್ತಿ ನೋಡಿ (ಓನರ್‌ನ ಕೇಳಿ ಒತ್ತಿ!), ಎಷ್ಟೋ ಬೈಕುಗಳಲ್ಲಿ ಅದು ಸ್ಪಂಜಿನ ಹಾಗೆ ಹಿಡಿಕೆವರೆಗೂ ಬಂದುಬಿಡುತ್ತೆ.

ನಾವು ಹೇಳೋದು ಇಷ್ಟೇ. ಹಳೇ ಬೈಕಿಗೆ ದುಡ್ಡು ಹಾಕಲೇಬೇಕು ಅಂದ್ರೆ ಮೊದಲು ಸಸ್ಪೆನ್ಶನ್‌ಗೆ, ಬ್ರೇಕಿಗೆ ಹಾಕಿ. ಅದರಲ್ಲೂ ಹೊಸ ಪಾರ್ಟು ಹುಡುಕಿಕೊಂಡು ಜೆ.ಸಿ. ರೋಡಿಗೆ ಓಡೋದಕ್ಕಿಂತ ಮುಂಚೆ, ಇರೋದನ್ನ ಶೋರೂಮಿಂದ ಬಂದಾಗಿನ ಸ್ಥಿತಿಗೆ ತನ್ನಿ.

ಕರಿಜ್ಮಾವನ್ನೇ ತಗೊಳ್ಳಿ. 2003ರಲ್ಲಿ ಬಂದ 223 ಸಿಸಿ ಗಾಡಿ. ಮುಂದೆ 276 ಮಿ.ಮೀ. ಡಿಸ್ಕ್, ಹಿಂದೆ ಡ್ರಮ್, ತೂಕ ಸುಮಾರು 150 ಕೆಜಿ. ಎಬಿಎಸ್ ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳೆಲ್ಲಕ್ಕೂ ಎಬಿಎಸ್ ಕಡ್ಡಾಯ ಆದದ್ದೇ 2019ರ ಏಪ್ರಿಲ್‌ನಲ್ಲಿ. ಅಂದರೆ ಈ ಶೆಡ್‌ನಲ್ಲಿರೋ ಮುಕ್ಕಾಲು ಪಾಲು ಬೈಕುಗಳಲ್ಲಿ ಚಕ್ರ ಲಾಕ್ ಆದರೆ ಬಿಡಿಸೋಕೆ ಸವಾರನ ಬೆರಳು ಬಿಟ್ಟರೆ ಬೇರೆ ಗತಿ ಇಲ್ಲ.

ಈಗ ಸ್ವಲ್ಪ ಲೆಕ್ಕ. ಒಣ ಡಾಂಬರಿನ ಮೇಲೆ ಒಳ್ಳೇ ಬ್ರೇಕ್, ಒಳ್ಳೇ ಟೈರ್ ಇದ್ದು 0.7 ಜಿ ವೇಗಾಪಕರ್ಷ ಸಿಕ್ಕಿತು ಅಂತಿಟ್ಟುಕೊಳ್ಳಿ. 60 ಕಿ.ಮೀ. ವೇಗದಿಂದ ನಿಲ್ಲೋಕೆ ಸುಮಾರು 20 ಮೀಟರ್ ಬೇಕು. 80ರಿಂದ 36. 100ರಿಂದ 56. ಇದರ ಜೊತೆಗೆ ‘ಅಯ್ಯೋ’ ಅಂತ ಗಾಬರಿಯಾಗಿ ಬ್ರೇಕ್ ಹಿಡಿಯೋ ಹೊತ್ತಿಗೆ ಒಂದು ಸೆಕೆಂಡ್ ಹೋದರೆ 100ರಲ್ಲಿ ಇನ್ನೂ 28 ಮೀಟರ್. ಸೈಲೆನ್ಸರ್ ಬದಲಾಯಿಸಿ ಒಂದು ಕುದುರೆ ಜಾಸ್ತಿ ಆಯ್ತು ಅಂತ ಖುಷಿ ಪಡೋರು ಈ ಮೀಟರುಗಳನ್ನ ಎಲ್ಲಿಂದ ತರ್ತಾರೋ ಗೊತ್ತಿಲ್ಲ.

ಬ್ರೇಕ್ ಅಂದ ತಕ್ಷಣ ಎಲ್ಲರ ಕಣ್ಣು ಡಿಸ್ಕ್ ಮೇಲೆ ಹೋಗುತ್ತೆ. ಆದರೆ ಗಾಡಿ ನಿಲ್ಲಿಸೋದು ಡಿಸ್ಕ್ ಅಲ್ಲ, ಟೈರು. ಟೈರನ್ನ ರಸ್ತೆಗೆ ಒತ್ತಿ ಹಿಡಿಯೋದು ಸಸ್ಪೆನ್ಶನ್. ಸವಾರನೂ ಸೇರಿ 215 ಕೆಜಿ ಇರೋ ಕರಿಜ್ಮಾದಲ್ಲಿ ಜೋರಾಗಿ ಬ್ರೇಕ್ ಹಿಡಿದರೆ 70 ಕೆಜಿ ಆಸುಪಾಸಿನ ಭಾರ ಹಿಂದಿನ ಚಕ್ರದಿಂದ ಮುಂದಿನದಕ್ಕೆ ಜಾರುತ್ತೆ. ಹತ್ತು ವರ್ಷದಿಂದ ಆಯಿಲ್ ಬದಲಾಯಿಸದ ಫೋರ್ಕ್ ಆ ಭಾರಕ್ಕೆ ಒಂದೇ ಸಲ ಮುಗ್ಗರಿಸಿ ತಳ ಮುಟ್ಟುತ್ತೆ. ಆಮೇಲೆ ಬರೋ ಚಿಕ್ಕ ಗುಂಡಿಗೂ ಚಕ್ರ ನೆಲ ಬಿಟ್ಟು ಕುಣಿಯುತ್ತೆ. ಕುಣಿದ ಚಕ್ರಕ್ಕೆ ಹಿಡಿತ ಇಲ್ಲ, ತಕ್ಷಣ ಲಾಕ್. ಈ ಫೋರ್ಕಿಗೆ ದೊಡ್ಡ ಡಿಸ್ಕ್ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಅದಕ್ಕೇ ಫೋರ್ಕ್ ಮೊದಲು. ಆಯಿಲ್ ಇಳಿಸಿ ನೋಡಿದರೆ ಬೂದು ಬಣ್ಣದ ಕೊಳಕು ನೀರು ಬರುತ್ತೆ. ಸೀಲ್, ಬುಶ್ ಬದಲಾಯಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಯಷ್ಟೇ ಹೊಸ ಆಯಿಲ್ ಎರಡೂ ಕಾಲಿಗೆ ಸಮವಾಗಿ ಹಾಕಿ. ‘ಗಟ್ಟಿ ಆಯಿಲ್ ಹಾಕ್ಸು ಮಗಾ, ಸ್ಟಿಫ್ ಆಗುತ್ತೆ’ ಅನ್ನೋ ಸಲಹೆ ಕೇಳೋಕೆ ಚೆಂದ. ಆದರೆ ಈ ಹಳೇ ಫೋರ್ಕುಗಳಲ್ಲಿ ಆಯಿಲ್ ಸಣ್ಣ ತೂತುಗಳ ಮೂಲಕ ಹಾಯಬೇಕು. ವೇಗ ಎರಡರಷ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತೆ. ನಮ್ಮೂರಿನ ಅವೈಜ್ಞಾನಿಕ ಹಂಪ್ ಮೇಲೆ ಗಟ್ಟಿ ಆಯಿಲ್ ಕಬ್ಬಿಣದ ಸರಳಿನ ಹಾಗೆ ವರ್ತಿಸಿ ನೇರ ಮಣಿಕಟ್ಟಿಗೆ ಹೊಡೆಯುತ್ತೆ. ಪ್ರೀಲೋಡ್ ಬಗ್ಗೆಯೂ ಇಂಥದ್ದೇ ಗೊಂದಲ. ಸ್ಪ್ರಿಂಗ್ ಮೇಲೆ ಪೈಪಿನ ತುಂಡು ಇಟ್ಟರೆ ಗಾಡಿ ಎತ್ತರಕ್ಕೆ ನಿಲ್ಲುತ್ತೆ ಅಷ್ಟೇ, ಸ್ಪ್ರಿಂಗಿನ ಗಡಸುತನ ಬದಲಾಗಲ್ಲ.

ಅಳೆಯೋಕೆ ಲ್ಯಾಬ್ ಬೇಡ. ಫೋರ್ಕ್ ಪೈಪಿಗೆ ಒಂದು ಜಿಪ್ ಟೈ ಕಟ್ಟಿ, ಹೆಲ್ಮೆಟ್, ಬ್ಯಾಗ್ ಸಮೇತ ಕೂತು, ನಿಧಾನಕ್ಕೆ ಇಳಿದು ಅದು ಎಷ್ಟು ಸರಿದಿದೆ ನೋಡಿ. ಫೋರ್ಕಿನ ಒಟ್ಟು ಓಡಾಟದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಸರಿ. ಹಿಂದಿನ ಶಾಕ್‌ನಲ್ಲಿ ಐದು ಹಂತದ ಹೊಂದಾಣಿಕೆ ಕೊಟ್ಟಿದ್ದಾರೆ. ಫ್ರೆಂಡ್‌ನ ಕೂರಿಸಿಕೊಂಡು ನಂದಿಬೆಟ್ಟ ಇಳಿಯೋ ಎಷ್ಟು ಜನ ಅದನ್ನ ಒಮ್ಮೆಯಾದರೂ ತಿರುಗಿಸಿದ್ದಾರೆ?

ಬ್ರೇಕಿಗೆ ಬಂದರೆ, ಡಾಟ್ 4 ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಳಿದರೆ ಫ್ಲೂಯಿಡ್ ಕುದಿದು ಆವಿಯಾಗಿ, ಲಿವರ್ ಒತ್ತಿದರೆ ಬರೀ ಗಾಳಿ ಒತ್ತಿದಂಗೆ. ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಿಸಿ, ಉಬ್ಬೋ ಹಳೇ ರಬ್ಬರ್ ಹೋಸ್ ತೆಗೆದು ಸ್ಟೀಲ್ ಹೆಣಿಗೆಯ ಹೋಸ್ ಹಾಕಿ, ಒಳ್ಳೇ ಪ್ಯಾಡ್ ಹಾಕಿ. ಇಷ್ಟಕ್ಕೇ ಬೈಕು ಬೇರೆಯೇ ಅನ್ನಿಸುತ್ತೆ. ಅದೂ ಸಾಲದು, ದೊಡ್ಡ ಕ್ಯಾಲಿಪರ್ ಬೇಕೇ ಬೇಕು ಅನ್ನೋರು ಪಿಯುಸಿಯ ಪ್ಯಾಸ್ಕಲ್ ನಿಯಮ ನೆನಪಿಸಿಕೊಳ್ಳಲಿ. ಕ್ಯಾಲಿಪರ್ ಪಿಸ್ಟನ್‌ಗಳ ವಿಸ್ತೀರ್ಣ ಹೆಚ್ಚಿಸಿ ಮಾಸ್ಟರ್ ಸಿಲಿಂಡರ್ ಹಳೆಯದೇ ಬಿಟ್ಟರೆ ಲಿವರ್ ಹಿಡಿಕೆಗೆ ಬಡಿಯುತ್ತೆ. ಮಾಸ್ಟರ್ ತೀರಾ ದೊಡ್ಡದಾದರೆ ಲಿವರ್ ಮರದ ತುಂಡು. ಎರಡನ್ನೂ ಜೋಡಿಯಾಗಿಯೇ ಲೆಕ್ಕ ಹಾಕಬೇಕು.

ಹಾಗಂತ ಕಂಪನಿ ಕೊಟ್ಟಿದ್ದೆಲ್ಲ ಪವಿತ್ರ ಅಂತ ನಾವು ಹೇಳ್ತಿಲ್ಲ. ಯಮಹಾ ಆರ್‌ಡಿ350 ಜಪಾನಿನಲ್ಲಿ ಮುಂದೆ ಡಿಸ್ಕ್ ಇಟ್ಟುಕೊಂಡು ಓಡಿದ ಬೈಕು. ಎಂಬತ್ತರ ದಶಕದಲ್ಲಿ ಎಸ್ಕಾರ್ಟ್ಸ್ ಅದನ್ನ ರಾಜದೂತ್ 350 ಅಂತ ಇಲ್ಲಿ ತಯಾರಿಸಿದಾಗ ಬಂದದ್ದು ಡ್ರಮ್. ಮೂವತ್ತರ ಹತ್ತಿರ ಅಶ್ವಶಕ್ತಿ, ಅದೂ ಎಂಜಿನ್ ಬ್ರೇಕಿಂಗ್ ಅಷ್ಟಾಗಿ ಸಿಗದ ಟೂ ಸ್ಟ್ರೋಕ್! ಇವತ್ತು ಅದನ್ನ ಸಾಕೋರು ಮುಂದೆ ಡಿಸ್ಕ್ ಕೂರಿಸಿದರೆ ಅದು ಶೋಕಿ ಅಲ್ಲ, ಅಗತ್ಯ.

ನಮ್ಮ ತಕರಾರು ಇರೋದು ಗ್ರೈಂಡರ್ ಮೇಲೆ. ಎರಡು ಶಾಕ್‌ಗಾಗಿ ಮಾಡಿದ ಫ್ರೇಮ್ ಕತ್ತರಿಸಿ ಮೋನೋಶಾಕ್ ವೆಲ್ಡ್ ಮಾಡೋದು, ದೊಡ್ಡ ಬೈಕಿನ ತಲೆಕೆಳಗಾದ ಫೋರ್ಕ್ ತಂದು ಸಿಕ್ಕಿಸೋದು. ಮೊದಲನೆಯದರಲ್ಲಿ, ಭಾರ ಹೊರೋಕೆ ಮಾಡಿರದ ಜಾಗದ ಮೇಲೆ ಇಡೀ ಹೊಡೆತ ಬೀಳುತ್ತೆ. ಎರಡನೆಯದರಲ್ಲಿ ಫೋರ್ಕಿನ ಉದ್ದ, ಟ್ರೇಲ್ ಬದಲಾಗಿ ಹ್ಯಾಂಡಲ್ ನಡುಗೋಕೆ ಶುರುವಾಗಬಹುದು. ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕೂಡ ಇಂಥ ಬದಲಾವಣೆಗೆ ಅಡ್ಡ ನಿಲ್ಲುತ್ತೆ, ಆಮೇಲೆ ಇನ್ಶೂರೆನ್ಸ್‌ನವರ ಮುಂದೆ ವಾದ ಮಾಡೋದು ಬೇರೆ ತಲೆನೋವು.

ಕೊನೆಗೊಂದು ಬೇಡಿಕೆ. ನಮ್ಮ ಮೆಕ್ಯಾನಿಕಲ್ ವರ್ಕ್‌ಶಾಪ್‌ನಲ್ಲಿ ಟಾರ್ಕ್ ರೆಂಚ್ ಇದೆ, ಸ್ಟ್ಯಾಂಡ್ ಇದೆ, ಇದೆಲ್ಲ ಗೊತ್ತಿರೋ ಇನ್‌ಸ್ಟ್ರಕ್ಟರ್‌ಗಳೂ ಇದ್ದಾರೆ. ಸೆಮಿಸ್ಟರ್‌ಗೆ ಒಂದು ಶನಿವಾರ ವಿದ್ಯಾರ್ಥಿಗಳ ಬೈಕುಗಳಿಗೆ ಅದನ್ನ ಬಿಟ್ಟುಕೊಡಲಿ. ಫೋರ್ಕ್ ಆಯಿಲ್, ಬ್ರೇಕ್ ಫ್ಲೂಯಿಡ್ ನಮ್ಮ ಖರ್ಚಿನಲ್ಲೇ ತರ್ತೀವಿ. ಹೆಸರು ಬರೆಸೋಕೆ ಒಂದು ಪಟ್ಟಿ ಈಗಾಗಲೇ ಸಂಘದ ರೂಮಿನ ಬಾಗಿಲಿಗೆ ಅಂಟಿಸಿದ್ದೀವಿ.