ನ್ಯಾಸಾಪಹಾರವೂ ಸರ್ಕಾರಿ ಶಾಲೆಯೂ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಅಷ್ಟೇ ಇತ್ತು’ ಎಂದು ಅಷ್ಟನ್ನೇ ಹಿಂದಿರುಗಿಸುವುದೇ ಆ ದೋಷ. ಪ್ರಜೆಗಳು ತೆರಿಗೆಯಾಗಿ ಒಪ್ಪಿಸಿದ ಹಣವೂ ನ್ಯಾಸವೇ. ಶಾಲೆಗಳ ವಿಷಯದಲ್ಲಿ ಸರ್ಕಾರಗಳು ಮಾಡುತ್ತ ಬಂದಿರುವುದು ಈ ದೋಷವಲ್ಲದೆ ಮತ್ತೇನು?

ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಪ್ರಯತ್ನಿಸಬೇಕೆಂದು 1950ರ ಸಂವಿಧಾನವು ಪ್ರಭುತ್ವಕ್ಕೆ ವಿಧಿಸಿತು. ಅದು ಮೂಲಭೂತ ಹಕ್ಕಾಗಲು 2002ರ ತಿದ್ದುಪಡಿಯೂ, ಕಾಯಿದೆ ಜಾರಿಗೆ ಬರಲು 2010ರ ಏಪ್ರಿಲ್ ತಿಂಗಳೂ ಬೇಕಾದವು. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಶೇ. 6ರ ಗುರಿಯನ್ನು ಪುನರುಚ್ಚರಿಸಿತೆಂದರೆ, ಬಾಕಿ ತೀರಿಲ್ಲವೆಂದೇ ಅರ್ಥ. 2004ರಿಂದ ಶಿಕ್ಷಣದ ಹೆಸರಿನಲ್ಲಿಯೇ ಉಪಕರವೂ ವಸೂಲಾಗುತ್ತಿದೆ.

‘ದಾನಿಗಳು ಮುಂದೆ ಬರಲಿ’ ಎನ್ನುವವರುಂಟು. ಜ್ಞಾನದಾನ ಶ್ರಾವಕಧರ್ಮವೇ ಸರಿ. ಆದರೆ ದಾನವು ಕೊಡುವವನ ಇಚ್ಛೆಗೆ ಸೇರಿದ್ದು. ಮಗುವಿನ ಹಕ್ಕು ಯಾರ ಇಚ್ಛೆಗೂ ಕಾಯತಕ್ಕದ್ದಲ್ಲ. ದಾನಿಯು ಕೊಠಡಿಯನ್ನು ಒಮ್ಮೆ ಕಟ್ಟಿಸಿಯಾನು. ಉಪಾಧ್ಯಾಯರ ವೇತನ ಪ್ರತಿ ತಿಂಗಳಿನ ಹೊಣೆ. ಪರರ ದಾನವನ್ನು ತನ್ನ ಋಣಸಂದಾಯವೆಂದು ಬರೆದುಕೊಳ್ಳುವುದು ಕೂಟಲೇಖ. ಅದೂ ಅದೇ ವ್ರತದ ಅತಿಚಾರ.

ಬಡವರು ಕಡಿಮೆ ಕೇಳಿದ ಮಾತ್ರಕ್ಕೆ ನ್ಯಾಸವು ಕಡಿಮೆಯಾಗದು. ಲೆಕ್ಕ ಬಲ್ಲ ಶ್ರಾವಕರು ದಾನವನ್ನು ನಿಲ್ಲಿಸದೆ, ಅವರ ಪರವಾಗಿ ಪೂರ್ಣ ಮೊತ್ತವನ್ನು ಕೇಳತಕ್ಕದ್ದು.