'ಅತ್ಯಂತ'ದ ಲೆಕ್ಕ: ಲೋಜ್ಬಾನ್ ಭಾಷೆಯ ತರತಮ ವಾಚಕಗಳನ್ನು ಕುರಿತು

ನಮ್ಮ ಸಂಶೋಧನ ಗದ್ಯದಲ್ಲಿ 'ಅತ್ಯಂತ' ಎಂಬ ಪದಕ್ಕಿರುವಷ್ಟು ಸಲುಗೆ ಬೇರಾವ ಪದಕ್ಕೂ ಇರಲಾರದು. ನನ್ನ ಮಹಾಪ್ರಬಂಧದ ಕರಡನ್ನು ತಿದ್ದುತ್ತಿದ್ದಾಗ ಒಂದೇ ಪುಟದಲ್ಲಿ ಮೂರು ಕಾದಂಬರಿಗಳನ್ನು 'ಅತ್ಯಂತ ಮಹತ್ವದ ಕೃತಿ' ಎಂದು ಕರೆದಿರುವುದು ಕಣ್ಣಿಗೆ ಬಿತ್ತು. ಮೂರೂ ಅತ್ಯಂತವಾಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ನನಗೆ ಕಲಿಸಿದ್ದು ಕನ್ನಡ ವ್ಯಾಕರಣವಲ್ಲ, ಲೋಜ್ಬಾನ್ ಎಂಬ ಕೃತಕ ಭಾಷೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ಲೋಗ್ಲಾನ್ ಯೋಜನೆಯಿಂದ ಕವಲೊಡೆದು, 1987ರಿಂದ ರೂಪುಗೊಂಡ ಭಾಷೆ ಇದು. ಭಾಷೆಯು ಆಲೋಚನೆಯನ್ನು ಕಟ್ಟಿಹಾಕುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಬ್ರೌನರ ಉದ್ದೇಶವಾಗಿತ್ತು. ಆ ಚರ್ಚೆ ಇಲ್ಲಿ ಬೇಡ. ಲೋಜ್ಬಾನ್‌ನ ಪ್ರತಿಯೊಂದು ಮೂಲಪದಕ್ಕೂ ಗೊತ್ತುಪಡಿಸಿದ ಕೆಲವು ಸ್ಥಾನಗಳಿವೆ ಎಂಬುದಷ್ಟೇ ಪ್ರಸ್ತುತ. ನಮ್ಮ ಶಾಬ್ದಿಕರು 'ಆಕಾಂಕ್ಷೆ' ಎಂದು ಕರೆದದ್ದನ್ನು ನೆನಪಿಸುವ ವ್ಯವಸ್ಥೆಯಿದು.

'ಬರ್ದಾ' ಎಂದರೆ ದೊಡ್ಡದು. ಆದರೆ ದೊಡ್ಡದಾಗಿರುವ ವಸ್ತುವಿನ ಜೊತೆಗೆ, ಯಾವ ಆಯಾಮದಲ್ಲಿ, ಯಾವ ಮಾನದಂಡಕ್ಕೆ ಹೋಲಿಸಿದರೆ ಎಂಬ ಇನ್ನೆರಡು ಸ್ಥಾನಗಳು ಆ ಪದದೊಳಗೇ ಇವೆ. ಬಹಳ ಎಂಬರ್ಥದ 'ಮುಚೆ' ಯಾವ ಗುಣದಲ್ಲಿ ಬಹಳ, ಯಾವ ದಿಕ್ಕಿಗೆ ಬಹಳ ಎಂದು ಕೇಳುತ್ತದೆ. ಪರಮಾವಧಿಯನ್ನು ಸೂಚಿಸುವ 'ತ್ರಾಜಿ' ಇನ್ನೂ ಕಟ್ಟುನಿಟ್ಟು: ಯಾವುದು, ಯಾವ ಗುಣದಲ್ಲಿ, ಮೇಲಿನ ತುದಿಯೋ ಕೆಳಗಿನ ತುದಿಯೋ, ಯಾವ ಸಮೂಹದೊಳಗೆ? ಈ ನಾಲ್ಕನೆಯ ಸ್ಥಾನವೇ ನನ್ನ ಮೂರು ಕಾದಂಬರಿಗಳ ಬಾಯಿ ಕಟ್ಟಿದ್ದು.

ಹಾಗೆಂದು ಲೋಜ್ಬಾನ್ ಸಡಿಲವಾಗಿ ಮಾತನಾಡಲು ಬಿಡುವುದಿಲ್ಲವೆಂದಲ್ಲ. 'ಮುಚೆ ಬರ್ದಾ' ಎಂದು ಎರಡು ಪದಗಳನ್ನು ಒತ್ತಿಗಿಟ್ಟರೆ ಮೊದಲನೆಯದು ಎರಡನೆಯದಕ್ಕೆ ವಿಶೇಷಣವಾಗಿ 'ಬಹಳ ದೊಡ್ಡದು' ಎಂದಾಗುತ್ತದೆ. ಆಗ ಉಳಿಯುವುದು ಕೊನೆಯ ಪದದ ಸ್ಥಾನಗಳು ಮಾತ್ರ. 'ಮುಚೆ'ಯ ಆಕಾಂಕ್ಷೆಗಳು ಮರೆಯಾಗುತ್ತವೆ. ಸ್ಥಾನಗಳನ್ನು ತುಂಬದೆ ಬಿಡುವುದಕ್ಕೂ ಅಡ್ಡಿಯಿಲ್ಲ. ಹಾಗಾದರೆ ತರ್ಕಬದ್ಧತೆಯ ಹೆಗ್ಗಳಿಕೆ ಎಲ್ಲಿ ಉಳಿಯಿತು ಎಂದು ಕೇಳಬಹುದು. ತುಂಬದೆ ಬಿಟ್ಟರೂ ಸ್ಥಾನ ಅಳಿಯುವುದಿಲ್ಲ. ಕೇಳುಗನು ಅಲ್ಲಿ 'ಮಾ' ಎಂಬ ಪ್ರಶ್ನಾರ್ಥಕವನ್ನಿಟ್ಟು 'ಯಾವುದಕ್ಕೆ ಹೋಲಿಸಿ?' ಎಂದು ಕೇಳಬಹುದು. ನನ್ನ ದೃಷ್ಟಿಯಲ್ಲಿ ಈ ಭಾಷೆಯ ನಿಜವಾದ ಸತ್ತ್ವವಿರುವುದು ಇಲ್ಲಿ.

ಇನ್ನೊಂದು ಏರ್ಪಾಡೂ ಗಮನಾರ್ಹ. ವಸ್ತುವಿನ ಗುಣದ ತೀವ್ರತೆ ಬೇರೆ, ಹೇಳುವವನ ಭಾವದ ತೀವ್ರತೆ ಬೇರೆ. ಎರಡನೆಯದಕ್ಕೆ ಲೋಜ್ಬಾನ್‌ನಲ್ಲಿ ಪ್ರತ್ಯೇಕ ಕಿರುಪದಗಳಿವೆ. ಸಂತೋಷಸೂಚಕ 'ವೀ'ಯ ಮುಂದೆ 'ಶೈ' ಬಂದರೆ ಪರಮ ಸಂತೋಷ, 'ಸೈ' ಬಂದರೆ ಗಾಢ, 'ರುಹೆ' ಬಂದರೆ ಮಂದ. 'ಶುಹಿ' ತಟಸ್ಥ, 'ನೈ' ವಿರುದ್ಧ. (ಆ 'ಸೈ' ನಮ್ಮ 'ಸೈ' ಅಲ್ಲ, ಆದರೂ ಕಿವಿಗೆ ಹಿತ.) ವಿಮರ್ಶಕನು 'ಅತ್ಯಂತ ಮಹತ್ವದ ಕೃತಿ' ಎಂದಾಗ ಅನೇಕ ವೇಳೆ ಆತನು ಹೇಳುತ್ತಿರುವುದು ಕೃತಿಯ ಸ್ಥಾನವನ್ನಲ್ಲ, ತನ್ನ ಮೆಚ್ಚುಗೆಯ ಬಿಸಿಯನ್ನು. 'ಶೈ' ಬರಬೇಕಾದಲ್ಲಿ 'ತ್ರಾಜಿ' ಬಂದು ಕೂತಿದೆ. ಮೆಚ್ಚುಗೆ ತಪ್ಪಲ್ಲ, ಅದು ನಿರ್ಣಯದ ವೇಷ ತೊಡುವುದು ತಪ್ಪು.

ಕನ್ನಡದಲ್ಲಿ ಈ ವಿವೇಕ ಇಲ್ಲವೇ ಇಲ್ಲ ಎನ್ನಲಾಗದು. ಶಾಲೆಯಲ್ಲಿ ದ್ವಿರುಕ್ತಿಯ ಪಾಠದಲ್ಲಿ ಓದಿದ ಕಟ್ಟಕಡೆ, ಮೊತ್ತಮೊದಲು, ನಟ್ಟನಡು, ತುತ್ತತುದಿಗಳನ್ನು ನೋಡಿ. ಇವೆಲ್ಲವೂ ಎಲ್ಲೆಯನ್ನೋ ನೆಲೆಯನ್ನೋ ಹೇಳುವ ಪದಗಳು. ಕಡೆ ಎಂದರೆ ಒಂದು ಸಾಲು ಇದೆಯೆಂದೇ ಅರ್ಥ, ಆದ್ದರಿಂದ 'ಯಾವುದರೊಳಗೆ?' ಎಂಬುದಕ್ಕೆ ಉತ್ತರ ಪದದ ಹೊಟ್ಟೆಯಲ್ಲೇ ಇದೆ. 'ಕಟ್ಟಕಡೆ' ಎಂದವನು ಸಾಲನ್ನು ತೋರಿಸಬಲ್ಲ. ಸಂಸ್ಕೃತದಿಂದ ಬಂದ 'ಅತ್ಯಂತ'ವಾದರೋ ಅಂತವನ್ನೇ ಮೀರಿದ್ದು. ಯಾವ ಪದದ ಬೆನ್ನಿಗೂ ಅಂಟಿಕೊಳ್ಳುತ್ತದೆ, ಯಾವ ಸಾಲನ್ನೂ ತೋರಿಸಬೇಕಿಲ್ಲ. ದೋಷ ಪದದ್ದಲ್ಲ, ಅದನ್ನು ಪ್ರಶ್ನಿಸದೆ ಒಪ್ಪುವ ನಮ್ಮ ಓದಿನದು.

ಕರಡಿಗೆ ಮರಳಿದೆ. ಎರಡು 'ಅತ್ಯಂತ'ಗಳನ್ನು ಹೊಡೆದುಹಾಕುವುದು ಕಷ್ಟವಾಗಲಿಲ್ಲ. ಮೂರನೆಯದರ ಮುಂದೆ 'ಆ ದಶಕದ ಕಾದಂಬರಿಗಳಲ್ಲಿ, ನಿರೂಪಣೆಯ ದೃಷ್ಟಿಯಿಂದ' ಎಂದು ಸೇರಿಸಲು ಹೊರಟೆ. ಆ ದಶಕದ ಕಾದಂಬರಿಗಳಲ್ಲಿ ನಾನು ಓದಿರುವುದು ಹನ್ನೊಂದು ಮಾತ್ರ ಎಂಬುದು ಆಗ ನೆನಪಾಯಿತು. ಅದನ್ನೂ ಹೊಡೆದುಹಾಕಿದೆ.