ಹೈಬ್ರಿಡ್ ಜ್ವಾಳ, ಹೈಬ್ರಿಡ್ ಕಾರು ಮತ್ತು ನಮ್ಮೂರ ಗ್ಯಾರೇಜು

ನಮ್ಮ ರಾಯಬಾಗದ ಕಡೆ 'ಹೈಬ್ರಿಡ್' ಅನ್ನೋ ಶಬ್ದ ಕಾರಿನ ಜೋಡಿ ಬಂದದ್ದಲ್ಲ. ಅದು ಬೀಜದ ಚೀಲದ ಮ್ಯಾಲೆ ಬರೆದು ಬಂದದ್ದು. 1964ರಲ್ಲಿ ಸಿಎಸ್‌ಎಚ್-1 ಅನ್ನೋ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ಆಮೇಲೆ ನಮ್ಮ ಹಿರಿಯರ ಬಾಯಲ್ಲಿ ಜಗತ್ತು ಎರಡೇ ಭಾಗ: ಜವಾರಿ ಮತ್ತು ಹೈಬ್ರಿಡ್. ಜ್ವಾಳ, ಬದನಿಕಾಯಿ, ಆಕಳು, ಕೋಳಿ, ಎಲ್ಲಕ್ಕೂ ಇದೇ ಲೆಕ್ಕ. ಹೈಬ್ರಿಡ್ ಅಂದ್ರ ಇಳುವರಿ ಚಲೋ, ರೊಟ್ಟಿಗೆ ರುಚಿ ಕಡಿಮಿ, ಮತ್ತ ಬೀಜಕ್ಕ ವರ್ಷಾ ಅಂಗಡಿಗೇ ಹೋಗಬೇಕು.

ಹೋದ ದೀಪಾವಳಿ ರಜೆಗೆ ನಮ್ಮೊಳಗೊಬ್ಬನ ಮನೆಗೆ ಹೈಬ್ರಿಡ್ ಕಾರು ಬಂತು. ಪುಣೆಯಲ್ಲಿ ನೌಕರಿ ಮಾಡೋ ಅಣ್ಣ ಅವ್ವ-ಅಪ್ಪನ ಸಲುವಾಗಿ ತಂದದ್ದು. ಪೂಜೆ ಮಾಡಿ, ನಿಂಬಿಹಣ್ಣ ಗಾಲಿಗೆ ಇಟ್ಟು, ಚಿಂಚಲಿ ಮಾಯಕ್ಕನ ಗುಡಿಗೆ ಹೋಗಿ ಬಂದದ್ದೂ ಆಯ್ತು. ಕಟ್ಟಿ ಮ್ಯಾಲೆ ಕುಂತ ಅಜ್ಜ ಒಂದೇ ಮಾತು ಕೇಳಿದ್ರು: "ಜವಾರಿ ಬಿಟ್ಟು ಹೈಬ್ರಿಡ್ ಯಾಕ ತಂದ್ರೋ ತಮ್ಮಾ? ನಾಳೆ ಎಲ್ಲಾದಕ್ಕೂ ಕಂಪನಿ ಬಾಗಲಾ ಕಾಯೂದ ಬರ್ತದ ನೋಡು." ನಾವು ನಕ್ಕೆವು. ನಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಅದನ್ನ ಮುಂದೆ ಹೇಳ್ತೀವಿ.

ಆ ರಜೆಯೊಳಗೆ ನಾವು ಕೆಲವರು ಸೇರಿ ರಾಯಬಾಗ, ಕುಡಚಿ, ಚಿಕ್ಕೋಡಿ, ಉಗಾರ ಕಡೆ ಇಂಥಾ ಕಾರು ಇಟ್ಟವರನ್ನ ಹುಡುಕಿ ಮಾತಾಡಿಸಿದೆವು. ಸಿಕ್ಕವರು ಬೆರಳೆಣಿಕೆಯಷ್ಟು ಮಂದಿ, ಆದ್ದರಿಂದ ಇದನ್ನ ಸಮೀಕ್ಷೆ ಅಂತ ಓದಬೇಡಿ. ಆದರೆ ಅವರು ಹೇಳಿದ್ದು ಜಾಹೀರಾತಿನಲ್ಲಿ ಬರೋದಿಲ್ಲ.

ಜೋಡೆತ್ತಿನ ಗಾಡಿ

ಎಲ್ಲರಿಗೂ ಜನ ಕೇಳೋ ಮೊದಲ ಪ್ರಶ್ನೆ: "ಚಾರ್ಜ್ ಎಲ್ಲಿ ಮಾಡ್ತೀರಿ?" ಎಲ್ಲಿಯೂ ಇಲ್ಲ. ನಮ್ಮಲ್ಲಿ ಓಡಾಡುವ ಹೈಬ್ರಿಡ್ ಕಾರುಗಳಿಗೆ ಹೊರಗಿನ ಪ್ಲಗ್ಗೇ ಇಲ್ಲ. ಒಂದು ಪೆಟ್ರೋಲ್ ಎಂಜಿನ್, ಒಂದು ಮೋಟರು, ಎರಡನ್ನೂ ಒಂದೇ ನೊಗಕ್ಕೆ ಹೂಡಿದ ಹಾಗೆ. ನಿಧಾನಕ್ಕೆ ಹೋಗುವಾಗ ಮೋಟರು ಎಳೀತದೆ, ಜೋರು ಬೇಕಾದಾಗ ಎಂಜಿನ್ ಕೂಡ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟರು ಜನರೇಟರ್ ಆಗಿ, ಸುಮ್ನೆ ಶಾಖವಾಗಿ ಹೋಗ್ತಿದ್ದ ಶಕ್ತಿಯನ್ನ ಬ್ಯಾಟರಿಗೆ ತುಂಬ್ತದೆ. ಟೊಯೊಟಾ ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್, ಅಂದರೆ ಮುಕ್ಕಾಲು ಯೂನಿಟ್ ಕರೆಂಟು ಅಷ್ಟೇ. ಪೂರ್ತಿ ಎಲೆಕ್ಟ್ರಿಕ್ ಕಾರಿನಲ್ಲಿ 30 ಯೂನಿಟ್ ಮೀರಿದ ಬ್ಯಾಟರಿ ಸಾಮಾನ್ಯ. ಹಾಗಾಗಿ ಹೈಬ್ರಿಡ್ ಕಾರು ಸುಡೋದು ಕಡೆಗೂ ಪೆಟ್ರೋಲೇ, ಸುಡುವಾಗ ಕಮ್ಮಿ ಹಾಳು ಮಾಡ್ತದೆ, ಅಷ್ಟೇ.

ಇನ್ನೊಂದು ಗೊಂದಲ ಹೆಸರಿನದು. 2015ರ ಆಸುಪಾಸಿನಿಂದ ಕಾರಿನ ಹಿಂದೆ 'ಸ್ಮಾರ್ಟ್ ಹೈಬ್ರಿಡ್' ಅಂತ ಬರೆದ ಗಾಡಿಗಳು ಬಂದವು. ಅವು ಮೈಲ್ಡ್ ಹೈಬ್ರಿಡ್. ಅದರಲ್ಲಿನ ಸಣ್ಣ ಮೋಟರು ಎಂಜಿನ್ನಿಗೆ ಕೈ ಹಚ್ಚತದೆ ಹೊರತು ತಾನೊಂದೇ ಗಾಡಿ ಎಳೆಯೋದಿಲ್ಲ. ತಾನೊಂದೇ ಎಳೆಯೋದು ಸ್ಟ್ರಾಂಗ್ ಹೈಬ್ರಿಡ್. ನಮಗೆ ಸಿಕ್ಕ ಒಬ್ಬ ಮಾವನವರು ಎರಡು ವರ್ಷದಿಂದ ತಮ್ಮದು ಎರಡನೇ ಜಾತಿ ಅಂತಲೇ ತಿಳಿದುಕೊಂಡಿದ್ದರು. ನಾವು ಮೊದಲನೇದು ಅಂತ ಹೇಳಿದಾಗ ಚಹಾ ಅರ್ಧಕ್ಕೇ ಇಟ್ಟರು ಪಾಪ.

ಈ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಇನೋವಾ ಹೈಕ್ರಾಸ್, ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಮೂರೂ ನಮ್ಮ ಬಿಡದಿಯಲ್ಲೇ ತಯಾರಾಗಿ ಬಂದವು. ಆ ಕಾರ್ಖಾನೆಯ ಹೆಸರಿನಲ್ಲಿರುವ 'ಕಿರ್ಲೋಸ್ಕರ್' ನಮ್ಮ ಜಿಲ್ಲೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. ಸೈಕಲ್ ಮಾರೋದಷ್ಟೇ ಅಲ್ಲ, ರಿಪೇರಿ ಮಾಡಿ, ಜನರಿಗೆ ತುಳಿಯೋದನ್ನೂ ಕಲಿಸಿದರು. ಆಮೇಲೆ ಬಂದದ್ದು ಕಬ್ಬಿಣದ ನೇಗಿಲು.

ಇಟ್ಟವರು ಹೇಳಿದ್ದು

ದಿನಾ ರಾಯಬಾಗದಿಂದ ಚಿಕ್ಕೋಡಿಗೆ ಹೋಗಿ ಬರುವ ಒಬ್ಬ ಮಾಸ್ತರರು ಬಹಳ ಖುಷಿಯಾಗಿದ್ದಾರೆ. "ಕಬ್ಬಿನ ಸೀಜನ್ನಿಗೆ ಡಬಲ್ ಟ್ರೇಲರ್ ಹಿಂದೆ ಸಿಕ್ಕೊಂಡ್ರ ಮೊದಲ ಪಿತ್ತ ನೆತ್ತಿಗೇರತಿತ್ತು. ಈಗ ಎಂಜಿನ್ನೇ ಬಂದ್ ಇರ್ತದ, ಟ್ರ್ಯಾಕ್ಟರಿನ ಹಾಡು ಕೇಳಕೋತ ಬರ್ತೀನಿ" ಅಂದ್ರು. ಅವರಿಗೆ ಲೀಟರಿಗೆ 22ರ ಆಸುಪಾಸು ಬರ್ತದೆ. ಕಂಪನಿ ಚೀಟಿಯಲ್ಲಿ 27.97 ಅಂತಿದೆ. ಆ ಅಂಕಿ ಪ್ರಯೋಗಾಲಯದ್ದು, ಉಗಾರ ರಸ್ತೆಯದ್ದಲ್ಲ.

ಬೆಲ್ಲದ ವ್ಯಾಪಾರ ಮಾಡುವ ಇನ್ನೊಬ್ಬ ಕಾಕಾ ಉಲ್ಟಾ ಹೇಳಿದರು. ಅವರದು ದೊಡ್ಡ ಗಾಡಿ, ವಾರಕ್ಕೆರಡು ಸಲ ಹೈವೇ ಹಿಡಿದು ಪುಣೆ. "ನೂರಾ ಹತ್ತರಾಗ ಹೊಡದ್ರ ಹದಿನೈದರ ಮ್ಯಾಲ ಬರಂಗಿಲ್ಲ. ಡೀಸೆಲ್ಲೇ ಚಲೋ ಇತ್ತು." ಇದರಲ್ಲಿ ಗಾಡಿಯ ತಪ್ಪಿಲ್ಲ. ಒಂದೇ ವೇಗದಲ್ಲಿ ಓಡುವಾಗ ಬ್ರೇಕ್ ಬೀಳೋದಿಲ್ಲ, ಬ್ರೇಕ್ ಬೀಳದಿದ್ದರೆ ಬ್ಯಾಟರಿಗೆ ಪುಕ್ಕಟೆ ಏನೂ ಸಿಗೋದಿಲ್ಲ. ಹೈಬ್ರಿಡ್‌ನ ಲಾಭ ಇರೋದು ನಿಂತು ನಿಂತು ಹೋಗುವ ದಾರಿಯಲ್ಲಿ. ಇದನ್ನ ಶೋರೂಮಿನಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಮೈಲೇಜ್ ಕಮ್ಮಿ ಆಯ್ತು ಅನ್ನುವವರಿಗೆ ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮಿಶ್ರಣದ ಲೀಟರಿನಲ್ಲಿ 6ರಿಂದ 7% ಕಡಿಮೆ. ಹೈಬ್ರಿಡ್ ಆದರೂ ಅದು ತಪ್ಪೋದಿಲ್ಲ. ಆದರೆ ಆ ಎಥೆನಾಲ್ ಕಬ್ಬಿನಿಂದಲೂ ಆಗ್ತದೆ, ಕಬ್ಬು ನಮ್ಮ ಹೊಲದ್ದು. ಟ್ಯಾಂಕಿನಲ್ಲಿ ಹೋದದ್ದು ಒಂದಿಷ್ಟು ಫ್ಯಾಕ್ಟರಿ ಬಿಲ್ಲಿನಲ್ಲಿ ತಿರುಗಿ ಬರಲಿ ಅಂತ ಆಸೆ ಪಡೋಣ, ಬಿಲ್ಲು ಯಾವಾಗ ಬರ್ತದೆ ಅನ್ನೋದು ಬೇರೆ ಲೇಖನ.

ಸಣ್ಣ ಪುಟ್ಟ ತಕರಾರುಗಳೂ ಇವೆ. ಬ್ಯಾಟರಿ ಕುಂತ ಮ್ಯಾಲೆ ಡಿಕ್ಕಿ ಸಣ್ಣದಾಗಿ, ಎರಡು ಚೀಲ ಜ್ವಾಳ ಹಿಡಿಯೋದಿಲ್ಲ. ಬ್ಯಾಟರಿ ತಂಪು ಮಾಡಲು ಗಾಳಿ ಎಳೆಯುವ ಜಾಲರಿಗೆ ನಮ್ಮ ಕಡೆಯ ಧೂಳು ತುಂಬ್ತದೆ, ಅದನ್ನ ಸ್ವಚ್ಛ ಇಡಬೇಕು ಅಂತ ಅರ್ಧ ಮಂದಿಗೆ ಗೊತ್ತೇ ಇಲ್ಲ. ಹೊಲದ ಮನೆಯಲ್ಲಿ ನಿಲ್ಲಿಸಿದರೆ ಇಲಿ ವೈರು ಕಡೀತದೆ.

ಲೆಕ್ಕ ಹಾಕಿ ನೋಡ್ರಿ

ಒಂದೇ ಅಳತೆಯ ಪೆಟ್ರೋಲ್ ಗಾಡಿಗಿಂತ ಹೈಬ್ರಿಡ್‌ಗೆ 3 ಲಕ್ಷ ಹೆಚ್ಚು ಕೊಟ್ಟಿರಿ ಅಂತ ಇಟ್ಟುಕೊಳ್ಳೋಣ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಸಾದಾ ಗಾಡಿ ಲೀಟರಿಗೆ 13 ಕಿ.ಮೀ., ಹೈಬ್ರಿಡ್ 21 ಕಿ.ಮೀ. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಉಳಿಯೋದು ಸುಮಾರು 29,000 ರೂಪಾಯಿ. 3 ಲಕ್ಷ ತಿರುಗಿ ಬರಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ 8 ವರ್ಷದ ವಾರಂಟಿ ಮುಗಿದಿರ್ತದೆ. ಅದೇ ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ ಮೂರೂವರೆ ವರ್ಷದೊಳಗೆ ಹಣ ಕೈಗೆ. ಆದ್ದರಿಂದ ಹೈಬ್ರಿಡ್ ಬೇಕೋ ಬೇಡೋ ಅನ್ನೋದಕ್ಕೆ ಉತ್ತರ ಶೋರೂಮಿನಲ್ಲಿಲ್ಲ, ನಿಮ್ಮ ಓಡೋಮೀಟರಿನಲ್ಲಿದೆ. ಮನೆ ಮುಂದೆ ನಿಲ್ಲಿಸಿ ಹಬ್ಬಕ್ಕೊಮ್ಮೆ ತೆಗೆಯೋ ಹಾಗಿದ್ದರೆ ದಯವಿಟ್ಟು ಬೇಡ.

ತೆರಿಗೆಯ ಮಾತೂ ಬರ್ತದೆ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಹೈಬ್ರಿಡ್‌ಗೆ ಜಿಎಸ್‌ಟಿ 40%, ಎಲೆಕ್ಟ್ರಿಕ್ ಕಾರಿಗೆ 5%. ಉತ್ತರ ಪ್ರದೇಶದವರು 2024ರಲ್ಲಿ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಬಿಟ್ಟರು, ನಮ್ಮಲ್ಲೂ ಬಿಡಲಿ ಅಂತ ಕೆಲವರು ಅಂತಾರೆ. ನಮಗೆ ಅದು ಮೊದಲ ಬೇಡಿಕೆ ಅನ್ನಿಸಲಿಲ್ಲ. ಇಪ್ಪತ್ತು ಲಕ್ಷದ ಗಾಡಿ ಕೊಳ್ಳುವವರಿಗೆ ರಿಯಾಯಿತಿ ಕೊಡೋ ಮೊದಲು, ಟಂಟಂನಲ್ಲಿ ಜೋತು ಬಿದ್ದು ಕಾಲೇಜಿಗೆ ಬರೋ ಹುಡುಗರಿಗೆ ಇನ್ನೆರಡು ಬಸ್ಸು ಬರಲಿ. ನಮ್ಮ ತಕರಾರು ಬೇರೆ ಇದೆ.

ಆ ದಿನ ಬೆಳಿಗ್ಗೆ

ಸಂಕ್ರಾಂತಿ ಹೊತ್ತಿಗೆ ನಾವು ಮತ್ತೆ ಊರಲ್ಲಿದ್ದೆವು. ದೀಪಾವಳಿಗೆ ಬಂದ ಆ ಕಾರು ಅಷ್ಟು ದಿನ ನಿಂತಲ್ಲೇ ನಿಂತಿತ್ತು. ಆ ದಿನ ಅವ್ವನನ್ನ ಮಿರಜಿನ ದವಾಖಾನೆಗೆ ಕರಕೊಂಡು ಹೋಗಬೇಕಿತ್ತು. ಒಂದೂವರೆ ತಿಂಗಳ ಹಿಂದೆಯೇ ಹಚ್ಚಿದ ಪಾಳಿ. ಬಟನ್ ಒತ್ತಿದರೆ ಗಾಡಿ ಮಿಸುಕಲಿಲ್ಲ.

ಊರ ಗ್ಯಾರೇಜಿನ ಅಣ್ಣ ಬಂದರು. ಇಪ್ಪತ್ತು ವರ್ಷದಿಂದ ತಾಲೂಕಿನ ಅರ್ಧ ಗಾಡಿಗಳನ್ನ ಎಬ್ಬಿಸಿದ ಕೈ ಅದು. ಬಾನೆಟ್ ತೆಗೆದು ಕಿತ್ತಳೆ ಬಣ್ಣದ ದಪ್ಪ ಕೇಬಲ್ ನೋಡಿದವರೇ ಹಿಂದೆ ಸರಿದರು. "ಇದನ್ನ ನಾ ಮುಟ್ಟಂಗಿಲ್ಲಪಾ, ನನಗೂ ಹೆಂಡ್ರು ಮಕ್ಕಳದಾರ." ಅವರು ಮಾಡಿದ್ದು ಸರಿಯೇ. ಆ ಕೇಬಲ್ಲಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರ್ತದೆ. ಶಹರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ "ಮುಟ್ಟಬೇಡಿ, ಗಾಡಿ ಕಳಸ್ತೀವಿ" ಅಂದರು. ಸಂಜೆ ಹೊತ್ತಿಗೆ ಲಾರಿ ಬಂತು. ಅವ್ವನ ಪಾಳಿ ತಪ್ಪಿತು, ಮುಂದಿನದು ಸಿಕ್ಕದ್ದು ತಿಂಗಳ ಮ್ಯಾಲೆ.

ಆದದ್ದೇನು? ಹೈಬ್ರಿಡ್ ಕಾರಿನಲ್ಲಿ ದೊಡ್ಡ ಬ್ಯಾಟರಿ ಜೊತೆಗೆ ಎಲ್ಲಾ ಕಾರಿನಲ್ಲಿ ಇರೋ ಹಾಗೆ ಸಣ್ಣ 12 ವೋಲ್ಟಿನ ಬ್ಯಾಟರಿಯೂ ಇರ್ತದೆ. ಕಂಪ್ಯೂಟರನ್ನ ಎಬ್ಬಿಸಿ, ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯೋದು ಅದೇ. ವಾರಗಟ್ಟಲೆ ನಿಂತು ಅದು ಇಳಿದಿತ್ತು. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಇನ್ನೊಂದು ಕಾರಿನಿಂದ ಜಂಪ್ ಕೇಬಲ್ ಹಚ್ಚಿದ್ದರೆ ಹತ್ತು ನಿಮಿಷದ ಕೆಲಸ. ಕಿತ್ತಳೆ ಕೇಬಲ್ ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಕೈಪಿಡಿ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು, ಇಂಗ್ಲಿಷಿನಲ್ಲಿ, ಪ್ಲಾಸ್ಟಿಕ್ ಸಹಿತ ತೆಗೆದಿರಲಿಲ್ಲ.

ಗ್ಯಾರೇಜಿನ ಅಣ್ಣನ ಮ್ಯಾಲೆ ನಮಗೆ ಸಿಟ್ಟಿಲ್ಲ. ನಾಚಿಕೆ ನಮ್ಮದು. ಆ ಅಂಗಳದಲ್ಲಿ ನಾವು ನಾಲ್ಕು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿಂತಿದ್ದೆವು. ಒಬ್ಬ ಎಲೆಕ್ಟ್ರಿಕಲ್, ಇಬ್ಬರು ಮೆಕ್ಯಾನಿಕಲ್. ಪ್ಲಾನೆಟರಿ ಗೇರಿನ ಸಮೀಕರಣ ಪರೀಕ್ಷೆಯಲ್ಲಿ ಬರೆದವರು. ಆದರೆ ಅವ್ವ ಸೆರಗಿನಲ್ಲಿ ರಿಪೋರ್ಟಿನ ಚೀಲ ಹಿಡಿದು ಕುಂತಾಗ ನಮ್ಮ ಬಾಯಿಗೆ ಒಂದು ಉತ್ತರ ಬರಲಿಲ್ಲ. ಅಜ್ಜ ಮಾತ್ರ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರ ಆಗ್ತಿತ್ತು.

ನಮ್ಮ ಅಭಿಪ್ರಾಯ

ಹೈಬ್ರಿಡ್ ಕೆಟ್ಟ ಗಾಡಿ ಅಂತ ನಾವು ಹೇಳ್ತಿಲ್ಲ. ಚಾರ್ಜಿಂಗ್ ಜಾಗ ಅಪರೂಪ ಇರೋ, ಕರೆಂಟು ಹೇಳದೆ ಹೋಗೋ ನಮ್ಮಂಥ ತಾಲೂಕಿಗೆ ಇದು ಸದ್ಯಕ್ಕೆ ಒಳ್ಳೆಯ ನಡುದಾರಿ. ಆದರೆ ಯಂತ್ರ ಬಂದಷ್ಟು ಬೇಗ ಅದರ ತಿಳಿವಳಿಕೆ ಬಂದಿಲ್ಲ. ಗಾಡಿ ರಾಯಬಾಗಕ್ಕೆ ಬಂತು, ವಿದ್ಯೆ ಬೆಳಗಾವಿಯಲ್ಲೇ ಉಳೀತು. ಬೀಜದ ಕಥೆಯೂ ಇದೇ ಅಲ್ವಾ? ಬೆಳೆ ನಮ್ಮ ಹೊಲದಲ್ಲಿ, ಕೀಲಿಕೈ ಅಂಗಡಿಯಲ್ಲಿ.

ಕಂಪನಿಗಳು ಕೈಪಿಡಿಯನ್ನ ಕನ್ನಡದಲ್ಲಿ ಕೊಡಲಿ. ಪೂರ್ತಿ ಪುಸ್ತಕ ಆಗದಿದ್ದರೆ 'ಮುಟ್ಟಬೇಕಾದ್ದು, ಮುಟ್ಟಬಾರದ್ದು' ಅಂತ ನಾಲ್ಕು ಪುಟ ಸಾಕು. ಐಟಿಐ, ಡಿಪ್ಲೊಮಾ ಹುಡುಗರಿಗೆ ಹೈ ವೋಲ್ಟೇಜ್ ಸುರಕ್ಷತೆಯ ಪಾಠ ನಿಜವಾದ ಗಾಡಿಯ ಮ್ಯಾಲೆ ಆಗಲಿ, ಅದಕ್ಕೆ ಊರ ಗ್ಯಾರೇಜಿನವರನ್ನೂ ಕರೆಯಲಿ. ಇಲ್ಲದಿದ್ದರೆ ಇನ್ನು ಹತ್ತು ವರ್ಷದಲ್ಲಿ ಆ ಅಣ್ಣನಂಥವರಿಗೆ ಪಂಕ್ಚರ್ ಬಿಟ್ಟು ಬೇರೆ ಕೆಲಸ ಉಳಿಯೋದಿಲ್ಲ.

ಬೇರೆಯವರಿಗೆ ಹೇಳೋದು ಸುಲಭ, ಆದ್ದರಿಂದ ನಮ್ಮ ಪಾಲಿನದ್ದನ್ನ ನಾವು ಶುರು ಮಾಡಿದ್ದೀವಿ. ಒಂದು ಪುಟದ ಕನ್ನಡ ಚೀಟಿ: ಸಣ್ಣ ಬ್ಯಾಟರಿ ಎಲ್ಲಿರ್ತದೆ, ಜಂಪ್ ಹೇಗೆ ಕೊಡೋದು, ಕಿತ್ತಳೆ ಕೇಬಲ್ ಯಾಕೆ ಮುಟ್ಟಬಾರದು, ಗಾಡಿ ನಿಂತೇ ಇದ್ದರೆ ವಾರಕ್ಕೊಮ್ಮೆ 'ರೆಡಿ' ದೀಪ ಹತ್ತಿಸಿ ಅರ್ಧ ತಾಸು ಇಡೋದು, ಜಾಲರಿಯ ಧೂಳು ತೆಗೆಯೋದು. ನಮ್ಮ ವಿಭಾಗದ ಸರ್ ಒಬ್ಬರು ತಿದ್ದಿ ಕೊಡ್ತಿದ್ದಾರೆ. ಮುಂದಿನ ರಜೆಗೆ ಅದನ್ನ ರಾಯಬಾಗ, ಕುಡಚಿಯ ಗ್ಯಾರೇಜುಗಳ ಗೋಡೆಗೆ ಹಚ್ಚಿ ಬರ್ತೀವಿ. ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಗೆಳೆಯರು ತಮ್ಮೂರಿಗೂ ಒಯ್ಯಲಿ.

ಮೊದಲ ಪ್ರತಿ ಗ್ಯಾರೇಜಿನ ಅಣ್ಣನಿಗೆ. ಎರಡನೇದು ಅಜ್ಜನಿಗೆ ಓದಿ ಹೇಳಬೇಕು. ಅವರಿಗೆ ಉತ್ತರ ಕೊಡೋದು ಇನ್ನೂ ಬಾಕಿ ಇದೆ.